ರಕ್ತ ಕೊಡುವವರ ಆರೋಗ್ಯ, ಪಡೆಯುವವರ ಕ್ಷೇಮ



ಮಸ್ಕಿಯ ಸಮೀಪದ ಹಳ್ಳಿಯೊಂದರ ಮನೆತನ ನಮಗೆ ಬಹುಕಾಲದಿಂದ ಪರಿಚಿತವಾದುದು. ಆ ಮನೆಯ ಸೊಸೆಗೆ ಸಿಂಧನೂರಿನ ದವಾಖಾನೆಯೊಂದರಲ್ಲಿ ಹೆರಿಗೆಯಾಯಿತು. ಮಗು ಕ್ಷೇಮವಾಗಿತ್ತು, ತಾಯಿಗೆ ಮಾತ್ರ ರಕ್ತಸ್ರಾವ ಹೆಚ್ಚಾಯಿತು. ಎರಡು ಬಾಟಲಿ ರಕ್ತ ಬೇಕೆಂದು ವೈದ್ಯರು ಹೇಳಿದಾಗ ನಾವು ಅಲ್ಲಿಯೇ ಇದ್ದೆವು. ಮನೆಯ ಹಿರಿಯರು ಕೈಜೋಡಿಸಿ, "ಡಾಕ್ಟರ್ ಸಾಹೇಬ್ರ, ಹೊರಗಿನವರ ರಕ್ತ ಬ್ಯಾಡ್ರಿ. ಗಂಡ ಇಲ್ಲೇ ಅದಾನ, ಆಕೀ ತಮ್ಮ ಲಿಂಗಸುಗೂರಿಂದ ಓಡಿ ಬಂದಾನ. ನಮ್ಮ ಮನಿತನದ ರಕ್ತಾನೇ ಹಾಕ್ರಿ" ಎಂದರು. ವೈದ್ಯರು ಸಮಾಧಾನದಿಂದಲೇ, "ಯಜಮಾನ್ರ, ಅವರಿಬ್ಬರೂ ರಕ್ತ ಕೊಡ್ಲಿ, ಬೇರೆಯವರಿಗೆ ಆಗ್ತದ. ಈ ತಾಯಿಗೆ ಮಾತ್ರ ಅವರಿಬ್ಬರದೂ ಬ್ಯಾಡ" ಎಂದರು. ಹಿರಿಯರ ಮುಖ ಬಾಡಿತು. ಕಡೆಗೆ ರಕ್ತನಿಧಿಯಿಂದ ಯಾರೋ ಹೆಸರರಿಯದವರ ರಕ್ತ ಬಂದಿತು, ತಾಯಿ ಉಳಿದಳು.

ಆ ರಾತ್ರಿ ಹಿರಿಯರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಯಾರ ರಕ್ತ ಒಳ್ಳೇದು, ಯಾರದು ಕೆಟ್ಟದು, ಅದನ್ನ ಹ್ಯಾಂಗ ತಿಳಕೋಬೇಕು?" ಈ ಪ್ರಶ್ನೆ ಅವರೊಬ್ಬರದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಎಷ್ಟೋ ಮನೆಗಳಲ್ಲಿ ಇದನ್ನು ಕೇಳಿದ್ದೇವೆ. ಆದುದರಿಂದ ಈ ತಿಂಗಳು ಅದಕ್ಕೇ ಈ ಪುಟವನ್ನು ಮೀಸಲಿಟ್ಟಿದ್ದೇವೆ.

ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ೧೯೦೧ರಲ್ಲಿ ಲೋಕಕ್ಕೆ ತಿಳಿಸಿದರು. ಅದಕ್ಕಾಗಿ ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಗುಂಪು ಕೂಡಿದರೆ ರಕ್ತ ಕೂಡಿತು ಎಂದೇ ಜನ ತಿಳಿದಿದ್ದಾರೆ. ಗುಂಪು ಕೂಡಲೇಬೇಕೆಂಬುದು ನಿಜ. ಆದರೆ ಗುಂಪು ಬಾಗಿಲಿನ ಕೀಲಿಕೈ ಮಾತ್ರ. ಬಾಗಿಲು ತೆರೆದ ಮೇಲೆ ಒಳಗೆ ಬರುವುದು ಕೊಟ್ಟವರ ದೇಹದ ಒಂದು ಪಾಲು. ಅವರ ರಕ್ತ ಗಟ್ಟಿಯೋ ತೆಳುವೋ, ಅವರು ನುಂಗಿದ ಗುಳಿಗೆ ಯಾವುದು, ಅವರಿಗೆ ಜ್ವರ ಬಂದಿತ್ತೋ, ಆಕೆ ಮಕ್ಕಳನ್ನು ಹೆತ್ತ ತಾಯಿಯೋ, ಇವೆಲ್ಲವೂ ಆ ಚೀಲದೊಳಗೆ ಒಂದಿಷ್ಟು ಗುರುತು ಬಿಟ್ಟಿರುತ್ತವೆ. ಅದರಲ್ಲಿ ಗುರುತು ಬಿಡದಿರುವುದು ಒಂದೇ: ಕೊಟ್ಟವರ ಜಾತಿ.

ಮೊದಲು ಗಟ್ಟಿ ರಕ್ತ, ತೆಳು ರಕ್ತದ ಮಾತನ್ನು ನೋಡೋಣ. ನಮ್ಮ ದೇಶದ ನಿಯಮದಂತೆ ರಕ್ತ ಕೊಡುವವರ ವಯಸ್ಸು ೧೮ರಿಂದ ೬೫ರೊಳಗೆ ಇರಬೇಕು, ತೂಕ ೪೫ ಕಿಲೋಗೆ ಕಡಿಮೆಯಿರಬಾರದು, ಹಿಮೋಗ್ಲೋಬಿನ್ ೧೨.೫ ಗ್ರಾಂಗೆ ಕಡಿಮೆಯಿರಬಾರದು. ಹಿಮೋಗ್ಲೋಬಿನ್ ಎಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಉಸಿರಿನ ಪ್ರಾಣವಾಯುವನ್ನು ಹೊತ್ತು ಒಯ್ಯುವ ವಸ್ತು. ೧೦೦ ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆಯೆಂಬುದೇ ಈ ಲೆಕ್ಕ. ೩೫೦ ಮಿಲಿಲೀಟರಿನ ಒಂದು ಚೀಲವನ್ನು ೧೨.೫ ಇರುವವರು ಕೊಟ್ಟರೆ ಅದರಲ್ಲಿ ಸುಮಾರು ೪೪ ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ೧೫ ಇರುವವರು ಕೊಟ್ಟರೆ ೫೨ ಗ್ರಾಂಗೂ ಹೆಚ್ಚು. ಚೀಲದ ಮೇಲಿನ ಚೀಟಿ ಒಂದೇ, ಒಳಗಿನ ಬಲ ಬೇರೆ. ರೋಗಿಯ ರಕ್ತ ಎಷ್ಟು ಏರಿತು ಎಂಬುದು ಈ ವ್ಯತ್ಯಾಸವನ್ನೂ ಅವಲಂಬಿಸಿದೆ.

ಎರಡನೆಯದು ಬಾಳಿಕೆ. ನಮ್ಮ ಮೈಯೊಳಗೆ ಕೆಂಪು ಕಣ ಸುಮಾರು ೧೨೦ ದಿನ ಬದುಕುತ್ತದೆ. ಹೊರಗೆ ತೆಗೆದ ಮೇಲೆ ಚೀಲದೊಳಗಿನ ದ್ರಾವಣಕ್ಕೆ ಅನುಸಾರವಾಗಿ ೩೫ ಇಲ್ಲವೆ ೪೨ ದಿನ ತಣ್ಣಗೆ ಕಾಯ್ದಿಡಬಹುದು. ಆದರೆ ಎಲ್ಲರ ಕಣಗಳೂ ಈ ವಾಸವನ್ನು ಒಂದೇ ಸಮನಾಗಿ ತಾಳುವುದಿಲ್ಲ. ಗಂಡಸರ ಕಣಗಳು ಹೆಂಗಸರ ಕಣಗಳಿಗಿಂತ ಸ್ವಲ್ಪ ಹೆಚ್ಚು ಒಡೆಯುತ್ತವೆಂದೂ, ಅತಿ ಸ್ಥೂಲಕಾಯದವರ ಕಣಗಳೂ ಹಾಗೆಯೇ ಎಂದೂ ಅಮೇರಿಕೆಯ ಸಂಶೋಧಕರು ಸಾವಿರಾರು ದಾನಿಗಳ ರಕ್ತವನ್ನು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಹುಟ್ಟಿನಿಂದಲೇ ಕೆಲವೊಂದು ಕಿಣ್ವದ ಕೊರತೆಯುಳ್ಳವರ ಕಣಗಳೂ ಬೇಗ ಸೋಲುತ್ತವೆ. ಒಡೆದ ಕಣದಿಂದ ಹಿಮೋಗ್ಲೋಬಿನ್ನೂ ಕಬ್ಬಿಣದ ಅಂಶವೂ ಹೊರಚೆಲ್ಲುತ್ತವೆ. ಅವು ರೋಗಿಯ ಮೈಯಲ್ಲಿ ಉರಿಯೂತಕ್ಕೆ ಸೌದೆಯಾಗಬಲ್ಲವು.

ಉರಿಯೂತವೆಂದರೇನು? ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಂಡು ನೋಯುತ್ತದೆ. ಪರಕೀಯ ವಸ್ತು ಬಂದಿತೆಂದು ದೇಹ ತನ್ನ ಕಾವಲುಗಾರರನ್ನು ಕೂಗಿ ಕರೆಯುವ ಬಗೆ ಅದು. ಕಾವಲುಗಾರರು ಬೇಕು, ಆದರೆ ಮೈತುಂಬ ಒಮ್ಮೆಲೇ ಗದ್ದಲ ಎಬ್ಬಿಸಿದರೆ ಮನೆಯವರಿಗೇ ಪೆಟ್ಟು. ರಕ್ತ ಹಾಕಿಸಿಕೊಂಡವರಿಗೆ ಕೆಲವೊಮ್ಮೆ ಚಳಿ, ನಡುಕ, ಜ್ವರ ಬರುವುದನ್ನು ಓದುಗರು ಕಂಡಿರಬಹುದು. ಕೊಟ್ಟವರ ಬಿಳಿ ಕಣಗಳು ಚೀಲದಲ್ಲಿದ್ದಾಗಲೇ ಜ್ವರವೆಬ್ಬಿಸುವ ರಾಸಾಯನಿಕಗಳನ್ನು ಬಿಟ್ಟಿರುವುದು ಅದರ ಕಾರಣಗಳಲ್ಲೊಂದು. ಇದಕ್ಕಾಗಿಯೇ ರಕ್ತವನ್ನು ಕಾಯ್ದಿಡುವ ಮೊದಲೇ ಸೋಸಿ ಬಿಳಿ ಕಣಗಳನ್ನು ತೆಗೆಯುವ ಪದ್ಧತಿ ಬಂದಿದೆ. ಬ್ರಿಟನ್ ಮತ್ತು ಕೆನಡಾ ದೇಶಗಳು ೧೯೯೯ರಲ್ಲಿಯೇ ಎಲ್ಲ ರಕ್ತಕ್ಕೂ ಇದನ್ನು ಜಾರಿಗೆ ತಂದವು. ನಮ್ಮಲ್ಲಿ ಎಲ್ಲೆಡೆ ಹಾಗಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಿರುವ ಮನೆಯವರು "ಸೋಸಿದ ರಕ್ತ ಸಿಗುವುದೇ?" ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ.

ಹಾಗಾದರೆ ಇಂದು ತೆಗೆದ ಹಸಿ ರಕ್ತವೇ ಮೇಲಲ್ಲವೆ? ಹಲವರು ಹೀಗೆಯೇ ಹಟ ಹಿಡಿಯುತ್ತಾರೆ. ಇದನ್ನು ವೈದ್ಯರೂ ಶಂಕಿಸಿ ಪರೀಕ್ಷಿಸಿದರು. ೨೦೧೫ರಿಂದ ೨೦೧೭ರವರೆಗೆ ಕೆನಡಾ, ಅಮೇರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ಬಂದ ದೊಡ್ಡ ಪರೀಕ್ಷೆಗಳ ವರದಿಗಳಲ್ಲಿ ಹಸಿ ರಕ್ತ ಪಡೆದವರೂ, ನಿಯಮದಂತೆ ಕಾಯ್ದಿಟ್ಟ ರಕ್ತ ಪಡೆದವರೂ ಒಂದೇ ಪ್ರಮಾಣದಲ್ಲಿ ಬದುಕಿದರು. ಆದುದರಿಂದ ಅವಧಿಯೊಳಗಿನ ರಕ್ತವನ್ನು "ಹಳೇದು" ಎಂದು ನಿರಾಕರಿಸಿ, ಹೊಸ ದಾನಿಯನ್ನು ಹುಡುಕಲು ಹೊತ್ತು ಕಳೆಯುವುದು ರೋಗಿಗೆ ಅಪಾಯ.

ಈಗ ನಮ್ಮ ಹಿರಿಯರ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಗಂಡನ ರಕ್ತ ಏಕೆ ಬೇಡ? ಹೆಣ್ಣುಮಗಳು ಬಸಿರಿಯಾದಾಗ ಮಗುವಿನ ಕೆಲವು ಕಣಗಳು ತಾಯಿಯ ರಕ್ತದಲ್ಲಿ ಬೆರೆಯುತ್ತವೆ. ಆ ಕಣಗಳ ಮೇಲೆ ತಂದೆಯಿಂದ ಬಂದ ಗುರುತುಗಳಿರುತ್ತವೆ. ತಾಯಿಯ ದೇಹ ಅವುಗಳನ್ನು ಪರಕೀಯವೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸಿರಬಹುದು. ಆಗ ಗಂಡನ ರಕ್ತ ಹಾಕಿದರೆ ಅವು ಅದರ ಮೇಲೆ ಬೀಳಬಲ್ಲವು. ಅವು ಇಲ್ಲದಿದ್ದರೂ ಗಂಡನ ರಕ್ತವೇ ಅವುಗಳನ್ನು ಹುಟ್ಟಿಸಿ, ಮುಂದಿನ ಬಸಿರಿನಲ್ಲಿ ಮಗುವಿನ ರಕ್ತವನ್ನು ಒಡೆಯುವಂತೆ ಮಾಡಬಹುದು. ಇನ್ನೂ ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತ ಬೇಡವೆಂಬುದು ಇದಕ್ಕಾಗಿ.

ಒಡಹುಟ್ಟಿದ ತಮ್ಮನ ರಕ್ತ ಏಕೆ ಬೇಡ? ಇಲ್ಲಿಯ ಕಾರಣ ತಲೆಕೆಳಗಾದುದು. ಪರಕೀಯರ ಬಿಳಿ ಕಣಗಳು ಬಂದರೆ ರೋಗಿಯ ದೇಹ ಅವುಗಳನ್ನು ಗುರುತಿಸಿ ಕೊಂದುಹಾಕುತ್ತದೆ. ಹತ್ತಿರದ ರಕ್ತಸಂಬಂಧಿಯ ಬಿಳಿ ಕಣಗಳು ಬಂದರೆ "ಇವು ನಮ್ಮವೇ" ಎಂದು ಸುಮ್ಮನಿರುವುದುಂಟು. ಆ ಅತಿಥಿ ಕಣಗಳಾದರೋ ಸುಮ್ಮನಿರುವುದಿಲ್ಲ. ಅವು ಬೇರೂರಿ, ಬೆಳೆದು, ರೋಗಿಯ ಚರ್ಮ, ಕರುಳು, ಯಕೃತ್ತು, ಮೂಳೆಯೊಳಗಿನ ಮಜ್ಜೆಯನ್ನೇ ವೈರಿಯೆಂದು ಬಗೆದು ನಾಶಮಾಡುತ್ತವೆ. ವಾರ ಹತ್ತು ದಿನಗಳಲ್ಲಿ ಜ್ವರ, ಮೈಮೇಲೆ ಗಂಧೆ, ಭೇದಿ ಕಾಣಿಸಿಕೊಳ್ಳುತ್ತವೆ. ಇದು ಅಪರೂಪ, ಆದರೆ ಬಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಜಪಾನಿನಲ್ಲಿ ಹೃದಯದ ಶಸ್ತ್ರಕ್ರಿಯೆಯಾದವರಿಗೆ ಬಂಧುಗಳ ಹಸಿ ರಕ್ತ ಹಾಕುವ ರೂಢಿಯಿದ್ದಾಗ ಇಂಥ ಸಾವುಗಳು ಹಲವು ಆದವು. ರಕ್ತಕ್ಕೆ ವಿಕಿರಣ ಹಾಯಿಸಿ ಬಿಳಿ ಕಣಗಳನ್ನು ನಿಷ್ಕ್ರಿಯಗೊಳಿಸುವ ಕ್ರಮ ದೇಶವ್ಯಾಪಿಯಾದ ಮೇಲೆ ಅವು ನಿಂತುಹೋದವು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಸೀಮೆಯ ಹಳೆಯ ರೂಢಿ. ತಲೆಮಾರುಗಳಿಂದ ಒಳಗೊಳಗೇ ಸಂಬಂಧ ಬೆಳೆಸಿದ ಮನೆತನಗಳಲ್ಲಿ ಈ ಗುರುತುಗಳು ಇನ್ನಷ್ಟು ಹತ್ತಿರವಾಗಿರುತ್ತವೆ. "ನಮ್ಮ ಮನೆತನದ ರಕ್ತವೇ ಕ್ಷೇಮ" ಎಂಬ ನಂಬಿಕೆ ಬಹುಮಟ್ಟಿಗೆ ತಿರುಗುಮುರುಗಾದುದೆಂದು ಇದರಿಂದ ತಿಳಿಯುತ್ತದೆ. ಬೇರೆ ದಾರಿಯೇ ಇಲ್ಲದಾಗ ವೈದ್ಯರು ಬಂಧುಗಳ ರಕ್ತವನ್ನು ಸಂಸ್ಕರಿಸಿ ಬಳಸುತ್ತಾರೆ; ಆ ನಿರ್ಣಯ ಅವರಿಗೆ ಸೇರಿದ್ದು.

ತಾಯಂದಿರು ಕೊಡುವ ರಕ್ತದ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಮಕ್ಕಳನ್ನು ಹೆತ್ತವರ ಪ್ಲಾಸ್ಮಾದಲ್ಲಿ, ಎಂದರೆ ರಕ್ತದ ಹಳದಿ ನೀರಿನಲ್ಲಿ, ಬಿಳಿ ಕಣಗಳ ವಿರುದ್ಧದ ಪ್ರತಿಕಾಯಗಳು ಇರಬಹುದು. ಆ ತಾಯಿಗೆ ಅವುಗಳಿಂದ ಏನೂ ಬಾಧೆಯಿಲ್ಲ. ಆದರೆ ಅಪರೂಪಕ್ಕೆ ಅವು ರೋಗಿಯ ಪುಪ್ಪುಸಗಳಲ್ಲಿ ಉರಿಯೂತವೆಬ್ಬಿಸಿ, ರಕ್ತ ಹಾಕಿದ ಆರು ತಾಸುಗಳೊಳಗೆ ಉಸಿರು ಕಟ್ಟಿಸುತ್ತವೆ. ೨೦೦೩ರ ಕೊನೆಯಿಂದ ಬ್ರಿಟನ್ನಿನಲ್ಲಿ ಪ್ಲಾಸ್ಮಾವನ್ನು ಹೆಚ್ಚಾಗಿ ಗಂಡಸರ ರಕ್ತದಿಂದಲೇ ತೆಗೆಯಲಾರಂಭಿಸಿದರು. ಈ ತೊಂದರೆ ಬಹಳಷ್ಟು ಇಳಿಯಿತು.

ಇದನ್ನು ಕೇಳಿ "ಹೆಂಗಸರ ರಕ್ತವೇ ಬೇಡ" ಎನ್ನುವವರು ಹುಟ್ಟಿಕೊಂಡರು. ಬಸಿರಾಗಿದ್ದ ಹೆಂಗಸರ ಕೆಂಪು ಕಣಗಳನ್ನು ಪಡೆದ ಗಂಡಸರಲ್ಲಿ ಸಾವು ಹೆಚ್ಚೆಂದು ೨೦೧೭ರಲ್ಲಿ ನೆದರ್ಲೆಂಡ್ಸ್ ದೇಶದ ಒಂದು ಅಧ್ಯಯನವೂ ಸೂಚಿಸಿತು. ಆದರೆ ೨೦೧೯ರಲ್ಲಿ ಅಮೇರಿಕ ಮತ್ತು ಸ್ಕ್ಯಾಂಡಿನೇವಿಯದ ದಾಖಲೆಗಳನ್ನು ನೋಡಿದವರಿಗೆ ಅದು ಕಾಣಲಿಲ್ಲ. ಕಡೆಗೆ ಕೆನಡಾದಲ್ಲಿ ೮,೭೧೯ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಗಂಡಸರ, ಇನ್ನೊಂದಕ್ಕೆ ಹೆಂಗಸರ ಕೆಂಪು ಕಣಗಳನ್ನು ಕೊಟ್ಟು ಪರೀಕ್ಷಿಸಿದರು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶ: ಬದುಕಿ ಉಳಿಯುವುದರಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಹೆಣ್ಣು ಗಂಡು ಭೇದವನ್ನು ಶರಣರು ಒಪ್ಪಲಿಲ್ಲ. ಕೆಂಪು ಕಣಗಳ ಪರೀಕ್ಷೆಯೂ ಅದಕ್ಕೆ ಆಧಾರ ಕೊಡಲಿಲ್ಲ. ನಮ್ಮ ಅಕ್ಕತಂಗಿಯರು ರಕ್ತ ಕೊಡಲು ಹಿಂಜರಿಯಬೇಕಿಲ್ಲ. ಪ್ಲಾಸ್ಮಾವನ್ನು ಬೇರೆ ಮಾಡುವ ವಿವೇಚನೆಯನ್ನು ರಕ್ತನಿಧಿಯವರು ನೋಡಿಕೊಳ್ಳುತ್ತಾರೆ.

ಹಟ್ಟಿಯ ಗಣಿಯಲ್ಲಿ ಅದಿರನ್ನು ಪುಡಿಮಾಡಿ ಬಂಗಾರವನ್ನು ಬೇರ್ಪಡಿಸುವುದನ್ನು ಲಿಂಗಸುಗೂರಿನವರಿಗೆ ನಾವು ಹೇಳಬೇಕಾದುದಿಲ್ಲ. ರಕ್ತನಿಧಿಯಲ್ಲಿಯೂ ಒಬ್ಬರ ರಕ್ತವನ್ನು ತಿರುಗುಯಂತ್ರದಲ್ಲಿ ಹಾಕಿ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಿ ಮೂವರಿಗೆ ಕೊಡುವುದುಂಟು. ಏಡ್ಸ್, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇವುಗಳ ಪರೀಕ್ಷೆಯೂ ಕಡ್ಡಾಯ. ಆದರೆ ಗಣಿಯ ಯಂತ್ರಕ್ಕೂ ಕಾಣದ ಸಂಗತಿಗಳಿವೆ. ಮೊನ್ನೆ ಜ್ವರ ಬಂದಿತ್ತೆಂದು, ಮೊಣಕಾಲು ನೋವಿಗೆ ಆಸ್ಪಿರಿನ್ ನುಂಗಿದ್ದೆವೆಂದು, ಕೂಸಿಗೆ ಇನ್ನೂ ಹಾಲೂಡಿಸುತ್ತಿದ್ದೇವೆಂದು ಆ ಪರೀಕ್ಷೆಗಳು ಹೇಳಲಾರವು. ಆಸ್ಪಿರಿನ್ ನುಂಗಿದವರ ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಡೆಂಗೆಯ ರೋಗಿಗೆ ಅವುಗಳಿಂದ ಏನು ಪ್ರಯೋಜನ? ಪ್ಲೇಟ್‌ಲೆಟ್‌ಗಳನ್ನು ತಣ್ಣಗಿಡುವಂತಿಲ್ಲ, ಕೋಣೆಯ ಉಷ್ಣದಲ್ಲಿಯೇ ಇಡಬೇಕು. ದಾನಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಸ್ವಲ್ಪವೇ ಇದ್ದರೂ ಅಲ್ಲಿ ಅವು ಬೆಳೆಯುತ್ತವೆ.

ತಿಂದ ಆಹಾರವೂ ಅಪರೂಪಕ್ಕೆ ಪ್ರಶ್ನೆಯಾಗುವುದುಂಟು. ೨೦೧೧ರಲ್ಲಿ ನೆದರ್ಲೆಂಡ್ಸ್ ದೇಶದ ವೈದ್ಯರು ಆರು ವರ್ಷದ ಒಬ್ಬ ಬಾಲಕನ ಪ್ರಕರಣವನ್ನು ಪ್ರಕಟಿಸಿದರು. ಶೇಂಗಾ ಅವನಿಗೆ ಒಗ್ಗುತ್ತಿರಲಿಲ್ಲ. ಪ್ಲೇಟ್‌ಲೆಟ್ ಹಾಕಿದಾಗ ಮೈ ಬಾತು ಉಸಿರಿಗೆ ತೊಂದರೆಯಾಯಿತು. ವಿಚಾರಿಸಿದರೆ ದಾನಿಗಳಲ್ಲಿ ಕೆಲವರು ಹಿಂದಿನ ಸಂಜೆ ಶೇಂಗಾ ತಿಂದಿದ್ದರು. ಇದನ್ನು ಕೇಳಿ ಯಾರೂ ಶೇಂಗಾ ಹಿಂಡಿ ಬಿಡಬೇಕಾದುದಿಲ್ಲ. ಒಗ್ಗದ ವಸ್ತುವಿದ್ದರೆ ರೋಗಿಯ ಮನೆಯವರು ಮೊದಲೇ ವೈದ್ಯರಿಗೆ ಹೇಳಿದರೆ ಸಾಕು.

ಆದುದರಿಂದ ರಕ್ತ ಕೊಡುವ ಮೊದಲು ತುಂಬಿಸುವ ಪ್ರಶ್ನೆಪತ್ರವೇ ದಾನದ ಮೊದಲ ಹಂತವೆಂದು ನಾವು ತಿಳಿಯಬೇಕು. ನಾವೂ ಇದನ್ನು ತಡವಾಗಿ ಕಲಿತವರು. ಕೆಲವು ವರ್ಷಗಳ ಹಿಂದೆ ಜಯಂತಿಯ ನಿಮಿತ್ತ ನಡೆದ ಶಿಬಿರಕ್ಕೆ ಹೋಗಿದ್ದೆವು. ಎರಡು ದಿನ ಮೊದಲು ಜ್ವರ ಬಂದು ಗುಳಿಗೆ ನುಂಗಿದ್ದೆವು. "ಇತ್ತೀಚೆಗೆ ಜ್ವರ ಬಂದಿತ್ತೇ?" ಎಂಬಲ್ಲಿ "ಇಲ್ಲ" ಎಂದು ಬರೆದೆವು. ಪರಿಚಿತರ ಸಾಲಿನಿಂದ ಹಿಂದಿರುಗಿ ಬರಲು ನಾಚಿಕೆ, ಅಷ್ಟೇ. ರಕ್ತ ಕೊಟ್ಟು, ಹಾರ ಹಾಕಿಸಿಕೊಂಡು, ಪ್ರಮಾಣಪತ್ರ ಹಿಡಿದು ಮನೆಗೆ ಬಂದೆವು. ಆ ಚೀಲ ಯಾರಿಗೆ ಹೋಯಿತೋ, ಅವರಿಗೆ ಏನಾಯಿತೋ, ನಮಗೆ ಇಂದಿಗೂ ತಿಳಿಯದು. ಸಿಂಧನೂರಿನ ಆ ರಾತ್ರಿ, ಹೆಸರರಿಯದ ದಾನಿಯ ರಕ್ತ ಹನಿಹನಿಯಾಗಿ ಬಾಣಂತಿಯ ಕೈಗೆ ಇಳಿಯುವುದನ್ನು ನೋಡುತ್ತ ನಮ್ಮ ಆ "ಇಲ್ಲ" ನೆನಪಾಯಿತು. ಆ ದಾನಿ ನಮ್ಮಂತೆ ಸುಳ್ಳು ಬರೆದಿರದಿರಲಿ ಎಂದು ಮನಸ್ಸಿನಲ್ಲಿಯೇ ಬೇಡಿಕೊಂಡೆವು.

ಹಣಕ್ಕಾಗಿ ರಕ್ತ ಮಾರುವುದನ್ನು ಸರ್ವೋಚ್ಚ ನ್ಯಾಯಾಲಯ ೧೯೯೬ರ ತೀರ್ಪಿನಲ್ಲಿ ನಿಲ್ಲಿಸಲು ಹೇಳಿತು. ೧೯೯೮ರ ಜನವರಿ ೧ರಿಂದ ಅದು ನಿಷಿದ್ಧವಾಯಿತು. ಮಾರುವವನು ರೋಗವನ್ನು ಮುಚ್ಚಿಡುತ್ತಾನೆಂಬುದು ಅದರ ಹಿಂದಿನ ದೊಡ್ಡ ಭಯ. ಮಾನಕ್ಕಾಗಿ ಮುಚ್ಚಿಟ್ಟರೂ ರೋಗಿಗೆ ಆಗುವ ಹಾನಿ ಒಂದೇ ಅಲ್ಲವೇ?

ಕೊಡುವವರು ನೆನಪಿಡಬೇಕಾದ ಕೆಲವು ಮಾತುಗಳು: ಗಂಡಸರು ೯೦ ದಿನಗಳಿಗೊಮ್ಮೆ, ಹೆಂಗಸರು ೧೨೦ ದಿನಗಳಿಗೊಮ್ಮೆ ಕೊಡಬಹುದು, ಅದಕ್ಕಿಂತ ಮೊದಲು ಬೇಡ. ಶಿವರಾತ್ರಿ, ಶ್ರಾವಣ ಸೋಮವಾರಗಳ ಉಪವಾಸದಲ್ಲಿರುವವರು ಅಂದು ಕೊಡಬಾರದು; ಶಿಬಿರ ನಡೆಸುವವರೂ ಇದನ್ನು ನೋಡಿ ದಿನ ಗೊತ್ತುಮಾಡಲಿ. ನಾಟಿ, ಸುಗ್ಗಿಯ ದಿನಗಳಲ್ಲಿ ರಾತ್ರಿಯೆಲ್ಲ ನೀರು ಕಟ್ಟಿ ನಿದ್ದೆಗೆಟ್ಟು ಬಂದವರು ಇನ್ನೊಂದು ದಿನ ಬರಲಿ. ಹೆರಿಗೆಯಾಗಿ ವರ್ಷ ತುಂಬದವರು, ಹಾಲೂಡಿಸುವ ತಾಯಂದಿರು ಕೊಡಬಾರದು. ಕಾಲುವೆಯ ಸೀಮೆಯಲ್ಲಿ ಸೊಳ್ಳೆಗಳ ಕಾಟ ಬಹಳ. ಮಲೇರಿಯಾ, ಡೆಂಗೆ ಬಂದು ಹೋದವರು ಎಷ್ಟು ತಿಂಗಳು ಕಾಯಬೇಕೆಂದು ಕೇಳಿ ತಿಳಿಯಲಿ. "ಇಂದು ಬೇಡ" ಎಂದು ಹಿಂದೆ ಕಳಿಸಿದರೆ ಅದು ಅವಮಾನವಲ್ಲ.

ಇನ್ನು ಪಡೆಯುವವರ ಮನೆಯವರು. ರಕ್ತ ಇಳಿಯುವಾಗ ರೋಗಿಯ ಬಳಿ ಒಬ್ಬರು ಎಚ್ಚರದಿಂದಿರಲಿ. ಚಳಿ, ಜ್ವರ, ತುರಿಕೆ, ಬೆನ್ನುನೋವು, ಉಸಿರು ಕಟ್ಟುವುದು ಕಂಡರೆ ಕೂಡಲೇ ನರ್ಸಮ್ಮನವರನ್ನು ಕರೆಯಿರಿ. ವೈದ್ಯರು ಬೇಡವೆಂದಾಗ "ಶಕ್ತಿಗೆ ಒಂದು ಬಾಟಲಿ ಹಾಕಿಬಿಡ್ರಿ" ಎಂದು ಒತ್ತಾಯಿಸಬೇಡಿರಿ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದೆ. ಮನೆಯ ಸೊಸೆ ಎಲ್ಲರಿಗೂ ಬಡಿಸಿ ಕಡೆಗೆ ಉಳಿದುದನ್ನು ಉಣ್ಣುವುದು ನಿಲ್ಲಬೇಕು. ಬಸಿರಿನಲ್ಲಿ ಸೊಪ್ಪು, ಕಾಳು, ಸಜ್ಜೆಯ ರೊಟ್ಟಿ ಹೊಟ್ಟೆತುಂಬ ಸಿಗಬೇಕು. ಕಬ್ಬಿಣದ ಗುಳಿಗೆ ತಪ್ಪಬಾರದು. ಹಾಗಾದರೆ ಹೆರಿಗೆಯ ರಾತ್ರಿ ಬಾಟಲಿ ಹುಡುಕುವ ಪ್ರಸಂಗಗಳು ಕಡಿಮೆಯಾಗುತ್ತವೆ.

ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಶಾಸನ ೧೯೧೫ರಲ್ಲಿ ಬೆಳಕಿಗೆ ಬಂದಿತು. ಧರ್ಮದಿಂದ ನಡೆದರೆ ಉನ್ನತವಾದುದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಲಭ್ಯವೆಂಬುದು ಅದರ ತಾತ್ಪರ್ಯ. ರಕ್ತ ಕೊಡಲು ಶ್ರೀಮಂತಿಕೆ ಬೇಕಿಲ್ಲ. ಆರೋಗ್ಯವೂ ಸತ್ಯವೂ ಸಾಕು. ದಾಸೋಹಕ್ಕೆ ಅಕ್ಕಿ ಒಯ್ಯುವವರು ಕಲ್ಲು ಹೊಟ್ಟು ಆರಿಸಿಯೇ ಒಯ್ಯುತ್ತಾರೆ. ಉಣ್ಣುವವರು ಯಾರೆಂದು ಕೇಳುವುದಿಲ್ಲ. ರಕ್ತ ಕೊಡುವಾಗಲೂ ಹಾಗೆಯೇ ನಡೆಯೋಣ.

ಆ ಹಿರಿಯರು ಮೊನ್ನೆ ಭೇಟಿಯಾಗಿದ್ದರು. ಮೊಮ್ಮಗಳು ಅಂಬೆಗಾಲಿಡುತ್ತಿದ್ದಾಳಂತೆ. ಮಗನೂ, ಸೊಸೆಯ ತಮ್ಮನೂ ಈ ನಡುವೆ ರಕ್ತ ಕೊಟ್ಟು ಬಂದಿದ್ದಾರೆ. "ಯಾರಿಗೆ ಹೋಯ್ತೋ ಗೊತ್ತಿಲ್ರಿ, ಯಾರ್ದೋ ಮನೀ ದೀಪ ಉಳೀತದ" ಎಂದರು.